ಪೂಮ್ಸೆಯಲ್ಲಿ ಇಲ್ಲದ ಕಂಬ

ಹೊಲಿಗೆ ಅಂಗಡಿಯ ಮೇಲಿನ ಕೋಣೆಯ ನಟ್ಟನಡುವೆ ಒಂದು ಕಬ್ಬಿಣದ ಕಂಬವಿತ್ತು. ಯಾರೂ ಬೇಕೆಂದು ನಿಲ್ಲಿಸಿದ್ದಲ್ಲ. ತಾರಸಿ ತಲೆಯ ಮೇಲೆ ಬೀಳದಿರಲೆಂದು ಕಟ್ಟಡದ ಜೊತೆಗೇ ಬಂದದ್ದು. ಸಂಜೆ ಹೊತ್ತು ಆ ಕೋಣೆಯಲ್ಲಿ ಟೇಕ್ವಾಂಡೋ ಕಲಿಯುವವರಿಗೆಲ್ಲ ಅದು ಮನೆಯಲ್ಲಿರುವ ಮುಂಗೋಪಿ ಹಿರಿಯರ ಹಾಗೆ. ಯಾರೂ ಮಾತಾಡಿಸುತ್ತಿರಲಿಲ್ಲ, ಎಲ್ಲರೂ ದಾರಿ ಬಿಡುತ್ತಿದ್ದರು.

ಕಲಿಸುತ್ತಿದ್ದವರು ಅಂಗಡಿಯ ಟೈಲರಮ್ಮನೇ. ಹಗಲೆಲ್ಲ ಆಸ್ಪತ್ರೆಯ ದಾದಿಯರಿಗೆ, ಕಾರ್ಖಾನೆಯ ಕಾವಲುಗಾರರಿಗೆ ಸಮವಸ್ತ್ರ ಹೊಲಿಯುತ್ತಿದ್ದರು. ಸಂಜೆಯಾದರೆ ಕತ್ತರಿ ಕೆಳಗಿಟ್ಟು, ಬಿಳಿ ಉಡುಪು ತೊಟ್ಟು, ಅಂಚು ಸವೆದು ಒಳಗಿನ ಬಿಳಿ ನೂಲು ಇಣುಕುವ ಕಪ್ಪು ಬೆಲ್ಟು ಬಿಗಿದುಕೊಂಡು ಮೆಟ್ಟಿಲು ಹತ್ತಿದರೆ ಅವರು ಮಾಸ್ಟರಮ್ಮ. ಸೊಸೆಗೆ ಮಾತ್ರ ಎರಡು ಹೊತ್ತೂ ಅತ್ತೆ.

ಸೊಸೆ ಮದುವೆಯಾಗಿ ಬಂದ ಹೊಸದರಲ್ಲಿ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಕೇಳಿದ್ದಕ್ಕೆ ತಲೆಯಾಡಿಸುವುದು, ತಲೆಯಾಡಿಸಿದ್ದು ಸಾಲದಿದ್ದರೆ ನಗುವುದು, ಅಷ್ಟೇ. ಮಾವ ಅಂಗಡಿಯ ಮುಂಭಾಗದಲ್ಲಿ ಗಾಜಿನ ಪೆಟ್ಟಿಗೆಯ ಹಿಂದೆ ಕೂತು ಗಡಿಯಾರ ರಿಪೇರಿ ಮಾಡುವವರು. ತಮ್ಮ ಕೈಗೆ ಬಂದ ಗಡಿಯಾರಗಳಲ್ಲಿ ಸದ್ದೇ ಇಲ್ಲದೆ ಸರಿಯಾಗಿ ನಡೆಯುವುದು ಇದೊಂದೇ ಎಂದು ಅವರು ಬಂದ ಗಿರಾಕಿಗಳಿಗೆಲ್ಲ ಸೊಸೆಯನ್ನು ತೋರಿಸುತ್ತಿದ್ದರು. ಅವಳಿಗೆ ನೆಲ ಬಾಯ್ಬಿಡಬಾರದೇ ಅನಿಸುತ್ತಿತ್ತು, ಆದರೂ ಒಳಗೊಳಗೇ ಖುಷಿ.

ಅವಳ ಕೆಲಸ ಗುಂಡಿ ಹಚ್ಚುವುದು, ಕಾಜ ಹೊಲಿಯುವುದು. ಸಂಜೆ ಮೇಲಿನವರಿಗೆ ಕುಡಿಯಲು ನೀರು ಕೊಂಡೊಯ್ದರೆ ಖಾಲಿ ಜಗ್ಗು ಹಿಡಿದು ಬಾಗಿಲ ಬಳಿಯೇ ನಿಂತುಬಿಡುತ್ತಿದ್ದಳು. ಬೆಳಗಿನಿಂದ ಬಟ್ಟೆಯ ಮೇಲೆ ಬಾಗಿ ಬಾಗಿ ಬೆನ್ನು ಹಿಡಿದುಕೊಂಡ ಅತ್ತೆ ಅಲ್ಲಿ ಬೇರೆಯೇ ಹೆಂಗಸಾಗುತ್ತಿದ್ದರು. ಒಂದು ಕಾಲು ಮುಂದಿಟ್ಟರೆ ನೆಲವೇ ಆ ಕಾಲಿಗಾಗಿ ಕಾದಿತ್ತೇನೋ ಅನ್ನಿಸಬೇಕು. ಕೈ ಮೇಲೆತ್ತಿ ತಡೆದರೆ ಕಾಣದ ಏಟೊಂದು ನಿಜವಾಗಿ ಅಲ್ಲಿ ಬಂದು ನಿಂತಂತೆ. ಗುದ್ದು ಹೊರಟಾಗ ತೋಳಿನ ಬಟ್ಟೆ ಪಟ್ಟೆಂದು ಸದ್ದು ಮಾಡುತ್ತಿತ್ತು, ಉಳಿದದ್ದೆಲ್ಲ ನಿಶ್ಶಬ್ದ. ಇಷ್ಟು ಸುಮ್ಮನಿದ್ದುಕೊಂಡು ಇಷ್ಟು ಹೇಳಬಹುದೆಂದು ಸೊಸೆಗೆ ಅಲ್ಲಿಯ ತನಕ ಗೊತ್ತಿರಲಿಲ್ಲ.

ಹೀಗೇ ಒಂದು ದಿನ ಕಾಜ ಹೊಲಿಯುತ್ತಿದ್ದವಳ ಮೆಷಿನ್ನಿನ ಅಡಿಗೆ ಬಗ್ಗಿ ನೋಡಿ ಅತ್ತೆ ಕೇಳಿದರು.

"ಪೆಡಲ್ ಮೇಲೆ ಯಾರನ್ನ ಒದೀತಾ ಇದೀಯ? ಒದೆಯೋದಾದ್ರೆ ಮೇಲೆ ಬಂದು ಒದಿ."

ಅಂದಿನಿಂದ ಅವಳೂ ಮೇಲೆ ಹೋಗತೊಡಗಿದಳು.

ಅಲ್ಲಿ ಅವಳು ಕಲಿತದ್ದೆಲ್ಲದರಲ್ಲಿ ಮನಸ್ಸು ನೆಟ್ಟದ್ದು ಪೂಮ್ಸೆಯ ಮೇಲೆ. ಪೂಮ್ಸೆ ಎಂದರೆ ಎದುರಾಳಿಯಿಲ್ಲದ ಕಾದಾಟ. ಎಲ್ಲಿ ತಡೆಯಬೇಕು, ಎಲ್ಲಿ ಗುದ್ದಬೇಕು, ಯಾವ ಹಿಮ್ಮಡಿಯ ಮೇಲೆ ತಿರುಗಬೇಕು, ಎಲ್ಲವನ್ನೂ ಹಿಂದಿನವರು ಗೊತ್ತುಮಾಡಿ ಇಟ್ಟಿದ್ದಾರೆ. ಒಂದು ಎಳೆ ಸೇರಿಸುವಂತಿಲ್ಲ, ಒಂದು ಎಳೆ ಬಿಡುವಂತಿಲ್ಲ. ಕಾಲು ಹೋಗುವ ದಾರಿಗೂ ನೆಲದ ಮೇಲೊಂದು ನಕ್ಷೆಯಿದೆ: ನಡುವೆ ಒಂದು ಉದ್ದಗೆರೆ, ಅದಕ್ಕೆ ಮೂರು ಅಡ್ಡಗೆರೆ. ಎಲ್ಲ ಮುಗಿದ ಮೇಲೆ ಹೊರಟ ಜಾಗದಲ್ಲೇ ಬಂದು ನಿಂತಿರಬೇಕು.

ಇದನ್ನು ಕಲಿಸಲು ಅತ್ತೆಯದೇ ಒಂದು ಉಪಾಯವಿತ್ತು. ಶುರು ಮಾಡುವ ಜಾಗದಲ್ಲಿ ಕೋಟಿನ ದೊಡ್ಡ ಗುಂಡಿಯೊಂದನ್ನು ಇಡುತ್ತಿದ್ದರು. ಮುಗಿಯುವಾಗ ಹೆಬ್ಬೆರಳು ಆ ಗುಂಡಿಯನ್ನು ಮುಟ್ಟಿದರೆ ಪೂಮ್ಸೆ ಸರಿ, ಮುಟ್ಟದಿದ್ದರೆ ಎಲ್ಲೋ ಹೆಜ್ಜೆ ತಪ್ಪಿದೆ, ಮತ್ತೆ ಮೊದಲಿಂದ. ಕಣ್ಣು ಕೆಳಗೆ ಹೋಗುವಂತಿಲ್ಲ, ಕಾಲೇ ಹುಡುಕಿಕೊಳ್ಳಬೇಕು. ಅಪ್ಪಣೆಯೆಲ್ಲ ಕೊರಿಯನ್ ಮಾತಿನಲ್ಲಿ: "ಶಿಜಾಕ್" ಎಂದರೆ ಹೊರಡಬೇಕು, "ಬಾರೋ" ಎಂದರೆ ಮೊದಲ ನಿಲುವಿಗೆ ಮರಳಬೇಕು. ಅತ್ತೆ ಗಟ್ಟಿಯಾಗಿ "ಬಾರೋ" ಅಂದಾಗಲೆಲ್ಲ ಮಾವ ಕೆಳಗಿನಿಂದ, ಮದುವೆಯಾಗಿ ಇಷ್ಟು ವರ್ಷವಾದರೂ ಗಂಡನನ್ನು ಹೀಗಾ ಕರೆಯೋದು ಎಂದು ಕೂಗುತ್ತಿದ್ದರು. ಮಕ್ಕಳ ಸಾಲು ಕಿಸಕ್ಕೆನ್ನುತ್ತಿತ್ತು. ಅತ್ತೆ ನಗುತ್ತಿರಲಿಲ್ಲ, ಆದರೆ ಮುಂದಿನ ಸಲ ಇನ್ನೂ ಸ್ವಲ್ಪ ಜೋರಾಗಿ ಹೇಳುತ್ತಿದ್ದರು.

ಮೊದಲು ಕಲಿಯುವ ಎಂಟು ಪೂಮ್ಸೆಗಳಲ್ಲಿ ಕೊನೆಯದಾದ ಎಂಟನೆಯದನ್ನು ಸೊಸೆ ಹಗಲಿರುಳು ಮೆದ್ದಳು ಅಂದರೂ ಸರಿಯೇ. ಕಪ್ಪು ಬೆಲ್ಟಿನ ಪರೀಕ್ಷೆಗೆ ಕೇಳುವುದು ಅದನ್ನೇ. ಪರೀಕ್ಷೆ ನಡೆಯುವುದು ದೊಡ್ಡ ಒಳಾಂಗಣ ಕ್ರೀಡಾಂಗಣದಲ್ಲಿ, ಬೇರೆ ಬೇರೆ ಕಡೆಯ ಹಿರಿಯ ಶಿಕ್ಷಕರ ಮುಂದೆ. ಈ ಮೇಲಿನ ಕೋಣೆಯಿಂದ ಹಿಂದೆ ಒಬ್ಬನೇ ಹೋಗಿದ್ದ. ಎತ್ತರಕ್ಕೆ ಎಲ್ಲರೂ ಏಣಿ ಎಂದು ಕರೆಯುತ್ತಿದ್ದವನು. ಅವನ ಒದೆತ ನೋಡಿದವರು ಮೂಗಿನ ಮೇಲೆ ಬೆರಳಿಡುತ್ತಿದ್ದರು. ಆದರೂ ಅವನು ಸೋತು ಬಂದ. ಪೂಮ್ಸೆ ಸೊಟ್ಟಗಿದೆ ಎಂದಷ್ಟೇ ಹೇಳಿ ಕಳಿಸಿದ್ದರು. ಹೆದರಿಕೊಂಡು ಹಾಳು ಮಾಡಿದೆ ಎಂದು ಅತ್ತೆ ಅವನನ್ನು ಎಲ್ಲರೆದುರು ಬೈದಿದ್ದರು. ಆಮೇಲೆ ಅವನು ಮೇಲೆ ಬರಲಿಲ್ಲ.

ಈ ಸಲ ಸೊಸೆ ಹೋಗಬೇಕಿತ್ತು. ಹೆಸರು ಕೊಟ್ಟು ಬಂದ ದಿನ ಊಟಕ್ಕೆ ಕೂತಾಗ ಅತ್ತೆ ತಟ್ಟೆ ನೋಡಿಕೊಂಡೇ ಹೇಳಿದರು. ಇವಳೂ ಹಾಗೇ ವಾಪಸ್ ಬಂದರೆ ತನಗೆ ಕಲಿಸೋಕೆ ಬರಲ್ಲ ಅಂತಲೇ ಅರ್ಥ. ಮೇಲಿನ ಕೋಣೆಗೆ ಬಟ್ಟೆ ಥಾನು ಪೇರಿಸಿ ಬೀಗ ಹಾಕಿಬಿಡುವುದು. ಮಾವನಿಗೂ ತಮಾಷೆ ಹೊಳೆಯಲಿಲ್ಲ.

ಅಂಥ ದಿನಗಳಲ್ಲೇ ಒಂದು ಬೆಳಿಗ್ಗೆ ಅವಳು ತಾರಸಿಯ ಮೇಲೆ ಬಟ್ಟೆ ಒಗೆದು, ಹಿಂಡಿ, ತಂತಿಗೆ ಹಾಕಿದಳು. ಕೆಳಗೆ ಇನ್ನೂ ಯಾರೂ ಕರೆದಿರಲಿಲ್ಲ. ಒಗೆದ ನೀರಲ್ಲೇ ನಿಂತಿದ್ದವಳು ಹಾಗೆಯೇ ಒದ್ದೆ ಕಾಲಲ್ಲಿ ಎಂಟನೆಯದನ್ನು ಶುರುಮಾಡಿದಳು. ಮುಗಿಸಿ ನಿಂತಾಗ ಹೊರಟಲ್ಲಿಗೇ ಬಂದಿದ್ದಳು. ಗುಂಡಿ ಇದ್ದಿದ್ದರೆ ಖಂಡಿತ ಹೆಬ್ಬೆರಳಡಿ ಇರುತ್ತಿತ್ತು. ಸಮಾಧಾನವಾಗಿ ತಲೆ ಬಗ್ಗಿಸಿದರೆ, ಒಣ ಸಿಮೆಂಟಿನ ಮೇಲೆ ತನ್ನ ಹೆಜ್ಜೆಗಳೆಲ್ಲ ಒದ್ದೆಯಾಗಿ ಬಿದ್ದುಕೊಂಡಿವೆ.

ಉದ್ದಗೆರೆ ನೆಟ್ಟಗೆ ಹೊರಟಿತ್ತು. ಎರಡನೇ ಅಡ್ಡಗೆರೆ ದಾಟಿದ ಮೇಲೆ ಅಂಗೈ ಅಗಲದಷ್ಟು ಎಡಕ್ಕೆ ಉಬ್ಬಿ, ಮೂರನೆಯದರ ಹತ್ತಿರ ಮತ್ತೆ ಸರಿಯಾಗಿತ್ತು. ಹಿಂದಿರುಗಿದ ಹೆಜ್ಜೆಗಳೂ ಅಲ್ಲೇ ಹಾಗೇ ಉಬ್ಬಿದ್ದವು. ಹರಿಯುವ ನೀರು ಕಲ್ಲೊಂದನ್ನು ಬಳಸಿ ಹೋದ ಹಾಗೆ. ಆದರೆ ಅಲ್ಲಿ ಕಲ್ಲಿರಲಿಲ್ಲ, ಬರೀ ತಾರಸಿ.

ಮತ್ತೆ ನೀರಲ್ಲಿ ಕಾಲದ್ದಿ, ಈ ಸಲ ಬೇಕೆಂದೇ ಎಚ್ಚರವಾಗಿ ಮಾಡಿದಳು. ಹಾರಿ ಒದ್ದು ಇಳಿದ ಕಾಲು ತಾನಾಗಿಯೇ ಎಡಕ್ಕೆ ಸರಿದು ಕೂತಿತು. ಕಾಲಿಗೆ ಕಂಬ ಬಾಯಿಪಾಠವಾಗಿಬಿಟ್ಟಿತ್ತು. ಹೋಗುವಾಗ ಎಷ್ಟು ಸರಿಯುತ್ತಿದ್ದಳೋ ಬರುವಾಗಲೂ ಅಷ್ಟೇ ಸರಿಯುತ್ತಿದ್ದರಿಂದ ಕೊನೆಗೆ ಗುಂಡಿ ಸಿಕ್ಕೇ ಸಿಗುತ್ತಿತ್ತು. ಎಲ್ಲ ಸರಿಯಿದೆ ಎಂದು ಇಷ್ಟು ವರ್ಷ ಸಾಕ್ಷಿ ಹೇಳಿದ್ದು ಆ ಗುಂಡಿಯೇ.

ಏಣಿ ಹೆದರಿರಲಿಲ್ಲ ಎಂದು ಅವಳಿಗೆ ಆಗ ಗೊತ್ತಾಯಿತು.

ಬಸ್ಸು ಓಡಿಸುವ ಗಂಡ ಮಧ್ಯಾಹ್ನ ಊಟಕ್ಕೆ ಬಂದಾಗ ಪಿಸುಮಾತಲ್ಲಿ ಹೇಳಿಕೊಂಡಳು. ಅವನು ಸುಲಭದ ದಾರಿ ತೋರಿಸಿದ. ನಿನ್ನದನ್ನು ನೀನು ತಾರಸಿಯ ಮೇಲೆ ಸರಿಮಾಡಿಕೋ, ಕೋಣೆಯಲ್ಲಿ ಮೊದಲಿನ ಹಾಗೇ ಮಾಡು, ಪರೀಕ್ಷೆಯಲ್ಲಿ ಪಾಸಾಗು, ಅಮ್ಮನ ಮನಸ್ಸೂ ನೋಯಲ್ಲ. ಅಮ್ಮ ಕತ್ತರಿಸಿದ ಕಾಲರ್ ಸರಿಯಿಲ್ಲ ಅಂದ ದರ್ಜಿಯೊಬ್ಬ ಮಾರನೆಯ ದಿನ ಎಲ್ಲಿದ್ದ ಗೊತ್ತಲ್ಲ ಎಂದೂ ನೆನಪಿಸಿದ. ಅವಳಿಗೆ ಗೊತ್ತಿತ್ತು. ಎದುರಿನ ಅಂಗಡಿಯಲ್ಲಿದ್ದ.

ಅವಳು ಹಾಗೇ ಮಾಡಹೊರಟಳು. ಬೆಳಿಗ್ಗೆ ತಾರಸಿಯ ಮೇಲೆ ಒದ್ದೆ ಕಾಲಲ್ಲಿ ನೇರ, ಸಂಜೆ ಕೋಣೆಯಲ್ಲಿ ಬಾಗಿ. ಆದರೆ ಸಂಜೆ ತನ್ನ ಹಿಂದೆ ಸಾಲಾಗಿ ನಿಂತ ಚಿಕ್ಕ ಮಕ್ಕಳು ಒಬ್ಬರ ಹಿಂದೊಬ್ಬರು ಅದೇ ಜಾಗದಲ್ಲಿ ಮುದ್ದಾಗಿ ಎಡಕ್ಕೆ ಸರಿಯುವುದನ್ನು ನೋಡಿದರೆ ಅವಳ ಮುಂದಿನ ಗುದ್ದು ತಡವಾಗುತ್ತಿತ್ತು. ಮುಂದೆ ನಿಂತ ಅತ್ತೆಯೂ ಅಷ್ಟೇ ಸಹಜವಾಗಿ ಸರಿಯುತ್ತಿದ್ದರು. ಅವರ ಆ ಹೆಜ್ಜೆಯೂ ಚೆಂದವೇ. ತಪ್ಪು ಇಷ್ಟು ಚೆಂದವಾಗಿದ್ದರೆ ಯಾರಿಗೆ ತಾನೇ ಕಾಣಬೇಕು?

ಎರಡು ದೋಣಿಯಲ್ಲಿ ಕಾಲಿಟ್ಟವಳ ಗತಿ ಏನಾಗಬೇಕೋ ಅದೇ ಆಯಿತು. ಪರೀಕ್ಷೆ ಹತ್ತಿರ ಬಂದಾಗ ಒಂದು ಸಂಜೆ ಎಲ್ಲರನ್ನೂ ಗೋಡೆ ಬದಿ ಕೂರಿಸಿ, ಅವಳೊಬ್ಬಳಿಂದಲೇ ಎಂಟನೆಯದನ್ನು ಮಾಡಿಸಿದರು ಅತ್ತೆ. ಅವಳು ಮೈಮರೆತಳು. ಹಾರಿ ಒದ್ದಳು, ನೇರ ಇಳಿದಳು, ನೇರ ಮುಂದಕ್ಕೆ ನುಗ್ಗಿ ಕಂಬಕ್ಕೆ ಭುಜ ಕೊಟ್ಟಳು. ಕಂಬ ಗಂಟೆಯ ಹಾಗೆ ಢಣ್ಣೆಂದಿತು. ಮಕ್ಕಳು ಬಾಯಿ ಮುಚ್ಚಿಕೊಂಡವು.

"ಕಂಬ ಕಾಣಲ್ವಾ ನಿನಗೆ?" ಅಂದರು ಅತ್ತೆ.

ಸೊಸೆ ಭುಜ ಹಿಡಿದುಕೊಂಡು ನಿಂತಳು. ತಲೆಯಾಡಿಸಿ ನಕ್ಕಿದ್ದರೆ ಮುಗಿದುಹೋಗುತ್ತಿತ್ತು. ನಗು ಬರಲಿಲ್ಲ.

"ಕಂಬ ಪೂಮ್ಸೆಲಿ ಇಲ್ಲ ಅತ್ತೆ."

ಮೆಲ್ಲಗೇ ಹೇಳಿದ್ದು. ಆದರೆ ಆ ಕೋಣೆಯಲ್ಲಿ ಅವಳ ಮಾತು ಅಷ್ಟು ಅಪರೂಪವಾಗಿದ್ದರಿಂದ ಎಲ್ಲರಿಗೂ ಕೇಳಿಸಿತು. ಅತ್ತೆ ಅವಳನ್ನು ನೋಡಿದರು, ಕಂಬವನ್ನು ನೋಡಿದರು. ಪಾಠ ಅಲ್ಲಿಗೇ ನಿಲ್ಲಿಸಿ ಮಕ್ಕಳನ್ನು ಮನೆಗೆ ಕಳಿಸಿದರು. ಇನ್ನೂ ಬಿಸಿಲಿತ್ತು. ಕಂಬವಿಲ್ಲದ ಜಾಗ ಬೇಕೆಂದು ಸೊಸೆಯನ್ನು ಕರೆದುಕೊಂಡು ತಾರಸಿ ಹತ್ತಿದರು. ಅಲ್ಲಿ ಹೋದ ಮೇಲೆ ಅವಳು ಬಾಯಿಗಿಂತ ಕೈಯೇ ವಾಸಿ ಎಂದು ಬಕೆಟ್ಟಿಗೆ ನೀರು ತುಂಬಿ ಅತ್ತೆಯ ಮುಂದಿಟ್ಟು, ಕಾಲು ಅದ್ದಿ ಎಂದು ಸನ್ನೆ ಮಾಡಿದಳು.

ಅತ್ತೆ ಕಾಲು ಅದ್ದಿದರು. ಮಾಡಿದರು. ಮುಗಿಸಿ ಹಿಂದೆ ತಿರುಗಿ ನೋಡಿದರು.

ಅವರು ಬಟ್ಟೆ ಕತ್ತರಿಸುವವರು. ಗೆರೆ ನೆಟ್ಟಗಿದೆಯೋ ಇಲ್ಲವೋ ಎಂದು ಇನ್ನೊಬ್ಬರು ಹೇಳಬೇಕಾಗಿರಲಿಲ್ಲ. ಆದರೂ ಕುತ್ತಿಗೆಗೆ ಹಾಕಿಕೊಂಡೇ ಮರೆತಿದ್ದ ಅಳತೆ ಪಟ್ಟಿಯನ್ನು ತೆಗೆದು, ಒಂದು ತುದಿಯನ್ನು ಸೊಸೆಯ ಕೈಗೆ ಕೊಟ್ಟು, ಮೊದಲ ಹೆಜ್ಜೆಯಿಂದ ಬಿಗಿಯಾಗಿ ಎಳೆದು ಹಿಡಿದರು. ಹೆಜ್ಜೆಗಳು ಪಟ್ಟಿಯನ್ನು ಬಿಟ್ಟು ಆಚೆ ಹೋಗಿ, ಮತ್ತೆ ಪಟ್ಟಿಗೆ ಬಂದಿದ್ದವು. ಅಂಗೈ ಅಗಲ ಅಲ್ಲ, ಇನ್ನೂ ಹೆಚ್ಚು. ಎಲ್ಲರಿಗಿಂತ ಹೆಚ್ಚು ಕಾಲ ಆ ಕಂಬವನ್ನು ಬಳಸಿದವರು ಅವರೇ ತಾನೆ.

ಅವರು ಕುಕ್ಕರಗಾಲಲ್ಲಿ ಕೂತು, ಆ ಹೆಜ್ಜೆಗಳು ಬಿಸಿಲಿಗೆ ಒಂದೊಂದಾಗಿ ಆರಿಹೋಗುವ ತನಕ ನೋಡಿದರು. ತಾನು ಕಲಿತದ್ದು ಬಯಲಲ್ಲಿ ಎಂದರು. ಆಗ ಹೀಗೆ ಇರಲಿಲ್ಲ. ಈ ಕೋಣೆ ಸಿಕ್ಕಾಗ ಮೊದಲ ಮಕ್ಕಳಿಗೆ ಕಂಬ ನೋಡಿಕೊಂಡು ಹೋಗಿ ಅಂತ ತಾನೇ ಹೇಳಿಕೊಟ್ಟದ್ದು. ಆಮೇಲೆ ಹೇಳುವುದು ನಿಂತಿತು, ಸರಿಯುವುದು ಉಳಿಯಿತು. ಸೊಸೆ ಬೈಗುಳಕ್ಕೆ ಕಾಯುತ್ತಾ ಅಳತೆ ಪಟ್ಟಿಯನ್ನು ಬೆರಳಿಗೆ ಸುತ್ತುತ್ತಿದ್ದಳು.

"ಬಕೆಟ್ ತುಂಬಿಸು," ಅಂದರು ಅತ್ತೆ. "ಮತ್ತೆ ಅಲ್ಲಿ ನಿಂತ್ಕೊ. ನೀನು ಹೇಳು, ನಾನು ಮಾಡ್ತೀನಿ."

ಅವಳಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅಪ್ಪಣೆ ಕೊಡುವ ಜಾಗದಲ್ಲಿ ತಾನು ನಿಲ್ಲಬೇಕು. ಅತ್ತೆ ಎರಡೂ ಮುಷ್ಟಿ ಹೊಟ್ಟೆಯ ಮುಂದೆ ಹಿಡಿದು, ಮಕ್ಕಳು ನಿಲ್ಲುವ ಹಾಗೆ ನಿಂತಿದ್ದರು. ಸೊಸೆ "ಶಿಜಾಕ್" ಎಂದಳು. ಅದು ಬೆಕ್ಕಿನ ಮರಿಯ ಬಾಯಿಂದ ಬಂದಂತಿತ್ತು.

ಅತ್ತೆ ಅಲ್ಲಾಡಲಿಲ್ಲ. "ಕೇಳಿಸ್ಲಿಲ್ಲ."

ಇನ್ನೊಮ್ಮೆ ಹೇಳಿದಳು. ಅದೂ ಕೇಳಿಸಲಿಲ್ಲವಂತೆ. ಮೂರನೆಯ ಸಲ ಹೊಟ್ಟೆಯಿಂದ ದನಿ ಎಳೆದು ತಂದು ಕೂಗಿದಳು. ಪಕ್ಕದ ತಾರಸಿಯ ಪಾರಿವಾಳಗಳೆಲ್ಲ ಎದ್ದು ಹಾರಿದವು. ಅತ್ತೆಯ ಕಾಲು ಮುಂದೆ ಹೋಯಿತು. ಕೆಳಗಿನಿಂದ ಮಾವ, ಇದ್ಯಾರದ್ದು ಹೊಸ ಗಂಟಲು ಎಂದು ಕೂಗಿ ಕೇಳಿದರು.

ಅಂದಿನಿಂದ ಬೆಳಿಗ್ಗೆ ಅತ್ತೆ ಸೊಸೆ ಇಬ್ಬರೂ ತಾರಸಿಯ ಮೇಲೆ. ಅತ್ತೆಯ ಮಂಡಿ ಹತ್ತುವಾಗ ಕಟಕಟ ಅನ್ನುತ್ತಿತ್ತು, ಸೊಂಟಕ್ಕೆ ಬಿಸಿನೀರು ಬೇಕಾಗುತ್ತಿತ್ತು. ಆದರೂ ಹೊಸದಾಗಿ ಸೇರಿದವರ ಹಾಗೆ ಒಂದೊಂದು ಹೆಜ್ಜೆಯನ್ನೂ ಬಿಡಿಸಿ ಬಿಡಿಸಿ ಮಾಡುತ್ತಿದ್ದರು. ಸೊಟ್ಟ ಹೊಲಿಗೆಯನ್ನು ಬಿಚ್ಚುವಾಗಲೂ ಅವರು ಹೀಗೇ. ಬಟ್ಟೆಗೆ ನೋವಾಗದ ಹಾಗೆ, ಆದರೆ ಒಂದು ಎಳೆಯನ್ನೂ ಬಿಡದೆ. ಕಪ್ಪು ಬೆಲ್ಟು ಕಟ್ಟಿಕೊಂಡವರು ತಪ್ಪೇ ಮಾಡುವುದಿಲ್ಲ ಎಂದು ಸೊಸೆ ಅಲ್ಲಿಯ ತನಕ ನಂಬಿದ್ದಳು. ಈಗ ಅತ್ತೆ ಮೊದಲಿಗಿಂತ ಎತ್ತರವಾಗಿ ಕಂಡರು.

ಕೋಣೆಯಲ್ಲೂ ಅತ್ತೆ ವಿಷಯ ಮುಚ್ಚಿಡಲಿಲ್ಲ. ಮಕ್ಕಳನ್ನೆಲ್ಲ ಕೂರಿಸಿ, ನಾನು ನಿಮಗೆ ತಪ್ಪು ಕಲಿಸಿದ್ದೆ, ಇವಳು ಕಂಡುಹಿಡಿದಳು ಎಂದು ನೆಟ್ಟಗೆ ಹೇಳಿದರು. ಆಮೇಲೆ ಗುಂಡಿಯನ್ನು ಕಂಬದ ನೇರದಿಂದ ಎತ್ತಿ ಬೀದಿಯ ಕಡೆಯ ಕಿಟಕಿಗೆ ಹತ್ತಿರವಾಗಿ ಇಟ್ಟರು. ಉದ್ದಗೆರೆಗೆ ದಾರಿ ಸಿಕ್ಕಿತು, ಆದರೆ ಅಡ್ಡಗೆರೆಗೆ ಜಾಗ ಸಾಲಲಿಲ್ಲ. ಅದಕ್ಕೆ ಕಿಟಕಿಯ ಬಾಗಿಲು ತೆಗೆದಿಟ್ಟು, ಗುದ್ದು ಹೊರಗೆ ಹೋಗಲಿ ಎಂದರು. ಅಂದಿನಿಂದ ಸಂಜೆ ಬೀದಿಯಲ್ಲಿ ಹೋಗುವವರ ತಲೆಯ ಮೇಲೆ ಇದ್ದಕ್ಕಿದ್ದ ಹಾಗೆ ಮುಷ್ಟಿಯೊಂದು ಗಡಿಯಾರದೊಳಗಿನ ಹಕ್ಕಿಯ ಹಾಗೆ ಹೊರಬಂದು ಒಳಗೆ ಹೋಗುತ್ತಿತ್ತು. ಬೆಚ್ಚಿಬಿದ್ದವರಿಗೆ ಮಾವ ಗಾಜಿನ ಪೆಟ್ಟಿಗೆಯ ಹಿಂದಿನಿಂದಲೇ ಸಮಾಧಾನ ಹೇಳುತ್ತಿದ್ದರು.

"ಹೆದರಬೇಡಿ, ನಮ್ಮ ಸೊಸೆ. ಹೊತ್ತು ಹೇಳ್ತಾಳೆ."

ಉಳಿದದ್ದು ಏಣಿ. ಅವನು ಈಗ ಗಾಜು ಕತ್ತರಿಸುವ ಅಂಗಡಿಯಲ್ಲಿದ್ದ. ಅತ್ತೆ ಸೊಸೆಯನ್ನೂ ಕರೆದುಕೊಂಡು ಅಲ್ಲಿಗೆ ಹೋದರು. ಅವನು ಕೈಗೆ ದಪ್ಪ ಕವಚ ಹಾಕಿಕೊಂಡು ದೊಡ್ಡ ಗಾಜೊಂದನ್ನು ಎತ್ತಿ ಹಿಡಿದಿದ್ದ. ಮಾಸ್ಟರಮ್ಮನನ್ನು ಕಂಡದ್ದೇ ಮುಖ ಬಿಗಿದುಕೊಂಡಿತು. ಅತ್ತೆ ಅವನು ಗಾಜು ಕೆಳಗಿಡುವ ತನಕ ಕಾದು, ಅಂಗಡಿಯವರೆಲ್ಲ ಇದ್ದಂತೆಯೇ ಹೇಳಿದರು.

"ನೀನು ಹೆದರಿರಲಿಲ್ಲ. ನಾನು ಕಲಿಸಿದ್ದನ್ನ ನೀನು ಸರಿಯಾಗೇ ಮಾಡಿದ್ದೆ. ನಾನು ಕಲಿಸಿದ್ದೇ ಸೊಟ್ಟ ಇತ್ತು. ಅವತ್ತು ಬೈದಿದ್ದಕ್ಕೆ ಬೇಜಾರಾಗಿದೆ ನನಗೆ."

ಕಂಬದ ಕತೆಯನ್ನು ಕೇಳಿ ಅವನು ಕವಚದ ಬೆರಳುಗಳನ್ನು ಒಂದೊಂದಾಗಿ ಎಳೆದು ಬಿಚ್ಚಿದ. ಕೊನೆಗೆ ಅವನ ಬಾಯಿ ಸೊಟ್ಟಗಾಯಿತು, ನಗುವೋ ಅಳುವೋ ತಿಳಿಯದ ಹಾಗೆ.

"ಹಾಗಾದ್ರೆ ಆ ಬೆಲ್ಟು ಕಂಬಕ್ಕೇ ಕಟ್ಟಿ ಮಾಸ್ಟರಮ್ಮ. ನಮ್ಮೆಲ್ಲರಿಗಿಂತ ಗಟ್ಟಿಯಾಗಿ ನಿಂತಿದೆ."

ಮುಂದಿನ ವಾರದಿಂದ ಅವನೂ ಸಂಜೆ ಬರತೊಡಗಿದ. ಅವನ ತೋಳು ಉದ್ದವಾದ್ದರಿಂದ ಕಿಟಕಿಯ ಹೊರಗೆ ಮೊಣಕೈ ತನಕ ಹೋಗುತ್ತಿತ್ತು.

ಪರೀಕ್ಷೆಯ ದಿನ ಸೊಸೆ ಒಳಾಂಗಣದ ಬಾಗಿಲಲ್ಲಿ ನಿಂತು ನೋಡಿದಳು. ಅಷ್ಟು ದೊಡ್ಡ ನೆಲ. ಒಂದು ತುದಿಯಿಂದ ಇನ್ನೊಂದು ತುದಿಯ ತನಕ ಹೊಳೆಯುವ ಹಲಗೆ. ಕಂಬವಿಲ್ಲ, ಗುಂಡಿಯಿಲ್ಲ, ಕಣ್ಣಿಗೆ ಹಿಡಿದುಕೊಳ್ಳಲು ಏನೂ ಇಲ್ಲ. ಉದ್ದನೆ ಮೇಜಿನ ಹಿಂದೆ ಪರೀಕ್ಷಕರು. ಮೇಲೆ ಬೆಂಚಿನಲ್ಲಿ ಅತ್ತೆ, ಮಾವ, ರಜೆ ಹಾಕಿ ಬಂದ ಗಂಡ, ಅವರೆಲ್ಲರಿಗಿಂತ ಒಂದು ತಲೆ ಮೇಲೆ ಏಣಿ.

ಅವಳು ಹೊರಟಳು. ತಡೆ, ಗುದ್ದು. ಉಡುಪಿನ ತೋಳು ಪಟ್ಟೆಂದಾಗ ಅದು ಅತ್ತೆಯ ತೋಳಿನ ಸದ್ದೇ ಅನ್ನಿಸಿತು. ಹಾರಿ ಒದ್ದಳು. ಇಳಿಯುವಾಗ ಎಡಗಾಲು ಇನ್ನೂ ಗಾಳಿಯಲ್ಲಿದ್ದಾಗಲೇ ಹಳೆಯ ದಾರಿಯ ಕಡೆಗೆ ವಾಲಿತು. ಮೈಗೆ ಆ ಕಂಬದ ತಂಪು ಕೂಡ ತಾಗಿದಂತಾಯಿತು. ಆಗ ಅವಳ ಕಣ್ಣಿಗೆ ಬಂದದ್ದು ತಾರಸಿ. ಬಿಸಿಲಲ್ಲಿ ಆರುತ್ತಿದ್ದ ಅತ್ತೆಯ ಒದ್ದೆ ಹೆಜ್ಜೆಗಳು, ಅವುಗಳ ಪಕ್ಕ ಬಿಗಿಯಾಗಿ ಹಿಡಿದ ಅಳತೆ ಪಟ್ಟಿ. ಕಾಲು ಪಟ್ಟಿಯ ಮೇಲೇ ಇಳಿಯಿತು. ಅಲ್ಲಿಂದ ಮುಂದೆ ಅವಳು ಕಂಬದ ಒಳಗಿಂದಲೇ ನಡೆದುಹೋದಳು. ಹೋಗುವಾಗಲೂ, ಬರುವಾಗಲೂ.

ಮುಗಿಸಿ ನಿಂತಾಗ ಹೆಬ್ಬೆರಳಡಿ ಏನೂ ಇರಲಿಲ್ಲ. ಸರಿಯಾದ ಜಾಗದಲ್ಲಿದ್ದೇನೆಯೇ ಎಂದು ಕೇಳಲು ಯಾರೂ ಇರಲಿಲ್ಲ. ಇದ್ದೇನೆ ಎಂದು ಅವಳಿಗೇ ಗೊತ್ತಿತ್ತು.

ಮಧ್ಯಾಹ್ನ ಹೆಸರು ಕೂಗಿದರು. ಬೆಲ್ಟು ಕೊಡುವಾಗ ಮುದುಕ ಪರೀಕ್ಷಕರೊಬ್ಬರು ಯಾರ ಹತ್ತಿರ ಕಲಿತೆ ಎಂದು ಕೇಳಿದರು. ಹಿಂದಿನ ಸೊಸೆಯಾಗಿದ್ದರೆ ಬೆಂಚಿನ ಕಡೆ ಬೆರಳು ತೋರಿಸಿ ನಗುತ್ತಿದ್ದಳು.

"ನಮ್ಮ ಅತ್ತೆ ಹತ್ರ," ಎಂದಳು. ಒಳಾಂಗಣದ ಹಿಂದಿನ ಗೋಡೆಗೂ ಕೇಳಿಸುವ ಹಾಗೆ.

ಜನ ಚದುರಿದರು. ಗಂಡ ಹೊರಗೆ ಗಾಡಿ ಹುಡುಕಲು ಹೋದ. ನೆಲ ಗುಡಿಸುವಾಕೆ ಒಂದು ಮೂಲೆಯಿಂದ ಶುರುಮಾಡಿದ್ದಳು. ಸೊಸೆ ಹೊಸ ಬೆಲ್ಟಿನ ಗಡಸು ಗಂಟನ್ನು ಮುಟ್ಟಿ ಮುಟ್ಟಿ ನೋಡುತ್ತಾ ತಿರುಗಿದರೆ, ಅತ್ತೆ ಬೆಂಚಿಳಿದು ಬಂದು ಚಪ್ಪಲಿ ಬಿಟ್ಟು ಆ ಹೊಳೆಯುವ ನೆಲದ ಮೇಲೆ ನಿಂತಿದ್ದರು. ಪೇಟೆಗೆ ಹೋಗುವ ಬಟ್ಟೆಯಲ್ಲೇ, ಕೈಚೀಲವನ್ನು ಮಾವನ ಮಡಿಲಿಗೆ ಹಾಕಿ. ಬಯಲಿನಲ್ಲಿ ಕಲಿತವರಿಗೆ ಎಷ್ಟೋ ವರ್ಷಗಳ ಮೇಲೆ ಇಷ್ಟು ಜಾಗ ಸಿಕ್ಕಿತ್ತು. ಅವರು ಸೊಸೆಯ ಕಡೆ ನೋಡಿದರು. ಅವಳು ಅಪ್ಪಣೆ ಕೊಟ್ಟಳು.

ಅತ್ತೆ ಎಂಟನೆಯದನ್ನು ಮಾಡಿದರು. ಗುಡಿಸುವಾಕೆ ಪೊರಕೆ ನಿಲ್ಲಿಸಿ ನೋಡಿದಳು. ಎರಡನೇ ಅಡ್ಡಗೆರೆ ದಾಟಿ ಹಾರಿ ಇಳಿದಾಗ ಆ ಕಾಲು ಎಡಕ್ಕೆ ಸರಿಯಿತು, ಹೆಚ್ಚೇನಲ್ಲ, ಒಂದು ಬೆರಳಷ್ಟು. ಬೇರೆ ಯಾರಿಗೂ ಕಂಡಿರಲಾರದು. ಸೊಸೆಗೆ ಕಂಡಿತು. ಅತ್ತೆಗೂ ಗೊತ್ತಾಯಿತು. ಅವರು ಅಲ್ಲೇ ನಿಂತು, ಕಾಲ ಬುಡದ ಖಾಲಿ ನೆಲವನ್ನು ನೋಡಿ ನಕ್ಕುಬಿಟ್ಟರು.

"ಇನ್ನೂ ನಿಂತಿದೆ ನೋಡು, ಬಡ್ಡೀಮಗಂದು."

ಮತ್ತೆ ಹೊರಟ ಜಾಗಕ್ಕೆ ಹೋಗಿ, ಮುಷ್ಟಿ ಬಿಗಿದು, ಬೆನ್ನು ನೆಟ್ಟಗೆ ಮಾಡಿ ನಿಂತರು. ಸೊಸೆ ತುಂಬ ಉಸಿರೆಳೆದುಕೊಂಡಳು.

"ಶಿಜಾಕ್!"